ಝಾಂಬಿಸೈಡ್ ಮೊಬೈಲಲ್ಲಿ: ಗುಂಡು ಹೊಡೆಯೋದು ನಾವು, ಸಾಯೋದು ಮಾತ್ರ ಯಾವಾಗ್ಲೂ ಪುಟ್ಟಿ. ಎಂತಕ್ಕೆ?

ಮಳೆಗಾಲದ_ಮಾಣಿ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ನಮ್ಮನೆ. ಲೈನ್ ಮೇಲೆ ಮರ ಬಿದ್ದು ಇವತ್ತಿಗೆ ಮೂರು ದಿನ. ಕರೆಂಟಿಲ್ಲ, ಟವರ್ರೂ ಬಂದು ಹೋಗಿ ಮಾಡ್ತಿದೆ. ಈ ಪೋಸ್ಟನ್ನ ಗುಡ್ಡದ ಮೇಲಿನ ನೀರಿನ ಟ್ಯಾಂಕ್ ಹತ್ರ ಕೊಡೆ ಹಿಡ್ಕೊಂಡು ನಿಂತು ಹಾಕ್ತಿದೀನಿ. ಉತ್ತರ ಓದೋಕೆ ಸಾಯಂಕಾಲ ಮತ್ತೆ ಹತ್ತಬೇಕು, ಹಾಗಾಗಿ ದಯವಿಟ್ಟು ಕೆಲಸಕ್ಕೆ ಬರೋದು ಬರೀರಿ.

ಮನೇಲಿ ನಾಲ್ಕು ಜನ ಕೈ ಖಾಲಿ ಕೂತಿದೀವಿ: ನಾನು, ತಮ್ಮ, ಭಾವ, ಅಕ್ಕನ ಮಗಳು ಪುಟ್ಟಿ. ಚಾರ್ಜ್ ಇರೋದು ನನ್ನ ಫೋನ್ ಒಂದಕ್ಕೇ, ಅದೂ ಭಾವನ ಜೀಪಿನ ಪುಣ್ಯ. ಅದ್ರಲ್ಲಿ ಹೋದ ವರ್ಷ ದುಡ್ಡು ಕೊಟ್ಟು ಇಳಿಸ್ಕೊಂಡ ಝಾಂಬಿಸೈಡ್ ಇದೆ (ಝಾಂಬಿ, ಅಂದ್ರೆ ಎದ್ದು ಓಡಾಡೋ ಹೆಣಗಳಿಂದ ಪಾರಾಗೋ ಬೋರ್ಡ್ ಆಟದ ಫೋನ್ ರೂಪ), ಟ್ಯಾಕ್ಟಿಕ್ಸ್ ಅಂಡ್ ಶಾಟ್‌ಗನ್ಸ್ ಅಂತ. ಒಬ್ಬರು ಆಡೋ ಆಟಾನ ನಾವು ನಾಲ್ಕು ಜನ ಹಂಚ್ಕೊಂಡಿದೀವಿ. ಆಟದ ಪಾತ್ರಗಳಲ್ಲಿ ಭಾವಂಗೆ ನೆಡ್, ನಂಗೆ ಪೊಲೀಸ್ ಫಿಲ್, ತಮ್ಮಂಗೆ ಡಗ್, ಪುಟ್ಟಿಗೆ ಚಕ್ರದ ಬೂಟಿನ ವಾಂಡಾ. ಅವರವರ ಸರದಿ ಬಂದಾಗ ಫೋನು ಕೈ ಬದಲಾಯಿಸ್ತದೆ.

ಒಂದೇ ಹಂತದಲ್ಲಿ ಏಳು ಸಲ ಸತ್ತಿದೀವಿ. ಶುರುವಲ್ಲಿ ಬೀದೀಲಿ ಎರಡೋ ಮೂರೋ ಝಾಂಬಿ ಇರ್ತಾವೆ. ನಾನೂ ಭಾವನೂ ಮನೆಯೊಳಗೆ ನುಗ್ಗಿ ಢಂ ಢಂ ಅಂತ ಬೀಳಿಸ್ತೀವಿ. ನೋಡ್ತಾ ನೋಡ್ತಾ ಮಾರಿಜಾತ್ರೆ ಸೇರಿದ ಹಂಗೆ ಸೇರ್ತಾವೆ. ಸೇರಿದ್ದು ನಮ್ಮ ಮೇಲೆ ಬರಲಿ ಅಂದ್ರೆ, ಇಲ್ಲ. ಬೀದಿ ತುದೀಲಿ ಯಾರ ತಂಟೆಗೂ ಹೋಗದೆ ನಿಂತಿರೋ ಪುಟ್ಟಿ ಹತ್ರಾನೇ ಹೋಗ್ತಾವೆ. ಅವಳು ಈಗ ನನ್ನ ಹತ್ರ ಮಾತು ಬಿಟ್ಟಿದಾಳೆ.

ಆ್ಯಪ್ ಮೋಸ ಮಾಡ್ತದಾ? ಬೋರ್ಡೇ ತಗೊಂಡ್ರೆ ಸರಿ ಹೋಗ್ತದಾ?

ಉಂಬಳ_420
ತೀರ್ಥಹಳ್ಳಿ ಮಳೇಲಿ ಕೂತ್ಕೊಂಡು ಝಾಂಬಿಗೆ ಹೆದರ್ತೀರಲ್ಲ ಮಾರಾಯ್ರೆ. ಒಂದ್ಸಲ ತೋಟ ಸುತ್ತಿ ಬನ್ನಿ, ಉಂಬಳ ಅಂದ್ರೆ ಜಿಗಣೆ ಏನು ಅಂತ ಗೊತ್ತಾಗ್ತದೆ. ಸದ್ದಿಲ್ಲ, ಕಣ್ಣಿಗೆ ಕಾಣಲ್ಲ, ರಕ್ತ ಕುಡ್ದು ದ್ರಾಕ್ಷಿ ಹಣ್ಣಿನ ಹಂಗಾಗಿ ತಾನೇ ಉದುರ್ತದೆ. ನಮ್ಮ ಕುಲಕ್ಕೆ ಬೋರ್ಡೂ ಬೇಡ ಬ್ಯಾಟ್ರೀನೂ ಬೇಡ.

ಸೊರಬದ_ಸೋಮಾರಿ
ಮೋಸಾನೇ. ನಾನೇ ಸಾಕ್ಷಿ. ಆಟದಲ್ಲಿ ಆಯುಧ ಅಂತ ಕೊಡೋ ಬಾಣಲೆ ಹಿಡ್ದು ಎಂಟು ಸಲ ಬೀಸಿದೀನಿ, ಒಂದೂ ತಾಗ್ಲಿಲ್ಲ. ದುಡ್ಡು ಕೊಟ್ಟವ್ರನ್ನೇ ಸಾಯಿಸೋ ಕಂಪ್ನಿಗಳು.

ದುರ್ಗಿಗುಡಿ_ದಾಳ
ಮಾಣಿ, ಮೋಸ ಅಲ್ಲ. ನಿಮ್ಮ ಏಳು ಸಾವಿಗೂ ಕಾರಣ ನಿಮ್ಮ ಪೋಸ್ಟಲ್ಲೇ ಇದೆ, ನೀವೇ ಬರ್ದಿದೀರ.

ನನ್ನ ಹತ್ರ 2012ರ ಮೊದಲ ಆವೃತ್ತಿ ಪೆಟ್ಟಿಗೆ ಇದೆ, ಅದರ ನಿಯಮದಿಂದ ಹೇಳ್ತೀನಿ. ಆ ಆಟದಲ್ಲಿ ಝಾಂಬಿಗೆ ಬುದ್ಧಿ ಇಲ್ಲ, ಎರಡೇ ಇಂದ್ರಿಯ. ಮೊದಲು ಕಣ್ಣು, ಆಮೇಲೆ ಕಿವಿ. ನೇರ ಗೆರೇಲಿ ಯಾರಾದ್ರೂ ಕಂಡ್ರೆ ಅವರ ಕಡೆ ಹೋಗುತ್ತೆ. ಕಂಡವರು ಇಬ್ಬರು ಮೂವರು ಇದ್ರೆ ಅವರಲ್ಲಿ ಯಾರ ಜಾಗದಲ್ಲಿ ಸದ್ದು ಜಾಸ್ತಿಯೋ ಅಲ್ಲಿಗೆ. ಯಾರೂ ಕಾಣದೇ ಇದ್ದಾಗ ಮಾತ್ರ ಇಡೀ ಊರಲ್ಲಿ ಎಲ್ಲಿ ಗಲಾಟೆ ಜಾಸ್ತಿ ಅಂತ ಕಿವಿ ಕೊಡುತ್ತೆ.

ಈಗ ನಿಮ್ಮ ಕಥೆ ನೋಡಿ. ನೀವೂ ಭಾವನೂ ಮನೆಯೊಳಗೆ, ಗೋಡೆ ಹಿಂದೆ. ನೀವು ಎಷ್ಟು ಢಂ ಅಂದ್ರೂ ಬೀದೀಲಿ ಹುಟ್ಟೋ ಝಾಂಬಿಗೆ ನೀವು ಕಾಣ್ತಿಲ್ಲ. ಪುಟ್ಟಿ ನಿಂತಿರೋದು ಬೀದೀಲಿ. ಬೀದಿ ಅಂದ್ರೆ ಉದ್ದಕ್ಕೂ ನೇರ ಗೆರೆ, ಈ ತುದಿಯಿಂದ ಆ ತುದಿಗೆ ಕಾಣುತ್ತೆ. ಸುಮ್ನಿದ್ರೆ ಉಳೀತಾಳೆ ಅಂದ್ಕೊಂಡ್ರಿ. ಕಂಡ ಮೇಲೆ ಸುಮ್ನಿದ್ದು ಪ್ರಯೋಜನ ಇಲ್ಲ. ಅವಳನ್ನ ಒಂದು ಮನೆ ಒಳಗೆ ಕಳಿಸಿ, ಬಾಗಿಲ ನೇರಕ್ಕೆ ನಿಲ್ಲಿಸಬೇಡಿ.

ಅಂದಹಾಗೆ ಝಾಂಬಿ ಹತ್ರ ಬಂದು ಕಚ್ಚೋಕೆ ದಾಳ ಹಾಕೋ ಹಂಗೇ ಇಲ್ಲ. ನಿಮ್ಮ ಗುಂಡು ತಪ್ಪಬಹುದು, ಅದರ ಹಲ್ಲು ತಪ್ಪಲ್ಲ. ಎರಡು ಗಾಯ ಆದ್ರೆ ಮುಗೀತು.

ಕಷಾಯ_ಅಕ್ಕ
ಪಾಪ ಪುಟ್ಟಿ. ಮಾವ ಅನ್ನೋವ್ನು ಕಂದನ್ನ ಬೀದೀಲಿ ನಿಲ್ಸಿ ತಾನು ಒಳಗೆ ಹೋದ್ನಾ?

ದುರ್ಗಿಗುಡಿ_ದಾಳ
ಅಷ್ಟೇ ಅಲ್ಲ, ಆ ಜಾತ್ರೆ ಸೇರಿಸಿದ್ದೂ ಮಾವ ಮತ್ತೆ ಭಾವಾನೇ. ಒಂದು ಝಾಂಬಿ ಬಿದ್ರೆ ಕೊಂದವರಿಗೆ ಒಂದು ಅಂಕ. ಅಂಕ ಏರಿದ ಹಂಗೆ ಬಣ್ಣ ಬದಲಾಗುತ್ತೆ: ನೀಲಿ, 7ಕ್ಕೆ ಹಳದಿ, 19ಕ್ಕೆ ಕಿತ್ತಳೆ, 43ಕ್ಕೆ ಕೆಂಪು. ಹಳದಿ ಆದ್ರೆ ಒಂದು ಸರದಿಗೆ ಮೂರರ ಬದಲು ನಾಲ್ಕು ಕೆಲಸ ಮಾಡಬಹುದು, ಅದಕ್ಕೇ ಎಲ್ಲರಿಗೂ ಆಸೆ. ಆದ್ರೆ ಹೊಸ ಝಾಂಬಿ ಎಷ್ಟು ಬರಬೇಕು ಅನ್ನೋದನ್ನ ನಿರ್ಧರಿಸೋದು ಗುಂಪಲ್ಲಿ ಎಲ್ಲರಿಗಿಂತ ಮೇಲಿರೋನ ಬಣ್ಣ. ಭಾವ ಒಬ್ಬರೇ ಕಿತ್ತಳೆಗೆ ಹೋದ್ರೆ, ನೀಲಿಯಲ್ಲೇ ಬಾಣಲೆ ಹಿಡ್ಕೊಂಡು ನಿಂತಿರೋ ಪುಟ್ಟಿಗೂ ಕಿತ್ತಳೆ ಲೆಕ್ಕದ ಝಾಂಬಿನೇ ಬರೋದು.

ಸೊರಬದ_ಸೋಮಾರಿ
ನನ್ನ ಬಾಣಲೆ ವಿಷಯಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ಲೆಕ್ಕದ_ಮೇಷ್ಟ್ರು
ಕೊಡ್ತೀನಿ. ಬೋರ್ಡಿನ ಬಾಣಲೆಗೆ ದಾಳ ಒಂದು, 6 ಬಿದ್ರೆ ಮಾತ್ರ ಏಟು. ಅಂದ್ರೆ ಪ್ರತಿ ಸಲ ತಪ್ಪೋ ಸಾಧ್ಯತೆ ಆರರಲ್ಲಿ ಐದು. ಎಂಟು ಸಲ ಸತತ ತಪ್ಪೋದು 5/6ರ ಎಂಟನೇ ಘಾತ, ಸುಮಾರು ನೂರಕ್ಕೆ 23. ಬಾಣಲೆ ಹಿಡಿದು ಎಂಟು ಸಲ ಬೀಸಿದವರಲ್ಲಿ ಹೆಚ್ಚುಕಮ್ಮಿ ನಾಲ್ಕಕ್ಕೊಬ್ಬರಿಗೆ ನಿಮ್ಮ ಗತಿಯೇ. ಇದನ್ನ ಮೋಸ ಅನ್ನೋದಾದ್ರೆ ಲೂಡೋದಲ್ಲಿ ಆರು ಬೀಳದೇ ಇರೋದೂ ಮೋಸಾನೇ.

ಒಂದು ಸರದೀಲಿ ಮೂರು ಸಲ ಬೀಸಿದ್ರೂ ಒಮ್ಮೆಯಾದ್ರೂ ತಾಗೋ ಸಾಧ್ಯತೆ ನೂರಕ್ಕೆ 42 ಅಷ್ಟೇ. ಪಿಸ್ತೂಲಿಗೆ 4 ಅಥವಾ ಮೇಲೆ ಸಾಕು, ಮೂರು ಗುಂಡಲ್ಲಿ ಒಂದಾದ್ರೂ ತಾಗೋದು ಎಂಟರಲ್ಲಿ ಏಳು ಪಾಲು. ಬಾಣಲೆ ಇರೋದು ದೋಸೆಗೂ ಅಲ್ಲ ಯುದ್ಧಕ್ಕೂ ಅಲ್ಲ. ಒಳ್ಳೇ ಆಯುಧ ಸಿಗೋವರೆಗೆ ಮನೆಗಳಲ್ಲಿ ಹುಡುಕ್ತಾ ಇರಿ ಅಂತ ಹೇಳೋಕೆ ಅದನ್ನ ಕೊಟ್ಟಿರೋದು.

ಸೊರಬದ_ಸೋಮಾರಿ
ಮೇಷ್ಟ್ರೇ, ನಮ್ಮ ಕಾಲದಲ್ಲಿ ಮಾರ್ಕ್ಸ್ ಕೊಡೋವಾಗ್ಲೂ ಹಿಂಗೇ ಹೇಳ್ತಿದ್ರಿ ಅನ್ಸತ್ತೆ. ಎಲ್ಲ ಸರಿ ಇದೆ, ನೀನೇ ಆ 23ರಲ್ಲಿ ಬಿದ್ದೆ ಅಂತ.

ಹಳೇ_ಪಗಡೆ
ಬಾಣಲೇಲಿ ದೋಸೆ ಹುಯ್ಯೋರು ಯಾವೂರಿನವರು? ಕಾವಲಿ ಅನ್ನಿ.

ಬೆಂಗಳೂರಲ್ಲಿ_ಮಲ್ನಾಡು
ದಾಳ ಹೇಳಿದ್ದಕ್ಕೆ ನನ್ನ ಒಂದು ತಕರಾರು. ಕೊಲ್ಲಬೇಡಿ, ಬಣ್ಣ ಏರತ್ತೆ ಅಂತ ಹೆದರಿಸಿದ್ರೆ ಜನ ಮೂಲೇಲಿ ಕೂತು ಸಾಯ್ತಾರೆ. ನೀವು ಕೊಂದ್ರೂ ಬಿಟ್ರೂ ಪ್ರತಿ ಸುತ್ತಿಗೂ ಹೊಸದು ಬಂದೇ ಬರತ್ತಲ್ಲ? ನಾವು ಇಲ್ಲಿ ಶನಿವಾರ ಆಡೋವಾಗ ಒಂದೇ ನಿಯಮ: ಒಬ್ಬನೇ ಹೀರೋ ಆಗೋ ಹಂಗಿಲ್ಲ. ಒಬ್ಬ ಹಳದಿ ಹತ್ರ ಬಂದ್ರೆ ಬಂದೂಕು ಪಕ್ಕದವನ ಕೈಗೆ. ಎಲ್ಲರೂ ಒಟ್ಟಿಗೆ ಹಳದಿಗೆ ಏರೋದು, ಆಮೇಲೆ ಬೇಕಾದ್ದು ಎತ್ಕೊಂಡು ಓಡೋದು. ಬಫೆ ಊಟದ ಸಾಲಿನ ಥರ. ಮುಂದಿನವನೇ ಎಲ್ಲ ಹೋಳಿಗೆ ಹಾಕ್ಕೊಂಡ್ರೆ ಹಿಂದಿನವರು ಬೈಕೊಂಡು ನಿಲ್ಬೇಕು.

ದುರ್ಗಿಗುಡಿ_ದಾಳ
ಒಪ್ಪಿದೆ. ಕೊಲ್ಲಬೇಡಿ ಅಂತ ನಾನು ಹೇಳ್ಲಿಲ್ಲ, ಭಾವ ಒಬ್ಬರೇ ಕೊಲ್ಲಬಾರದು ಅಂದೆ.

ಉಂಬಳ_420
ಭಾವಂದಿರಿಗೆ ಇದನ್ನ ಹೇಳೋ ಧೈರ್ಯ ಯಾರಿಗಿದೆ? ಜೀಪು ಅವರದ್ದು, ಚಾರ್ಜೂ ಅವರದ್ದು.

ಮಳೆಗಾಲದ_ಮಾಣಿ
ಟ್ಯಾಂಕ್ ಹತ್ರ ಬಂದೆ. ಎಲ್ಲ ಓದಿದೆ. ದಾಳ ಅವ್ರೆ, ನೀವು ಹೇಳಿದ್ದು ನೂರಕ್ಕೆ ನೂರು. ಪುಟ್ಟೀನ ಮೂರು ದಿನದಿಂದ ನಾಲ್ಕು ದಾರಿ ಕೂಡೋ ಜಾಗದಲ್ಲೇ ನಿಲ್ಸಿದ್ದೆ, ಅಲ್ಲಿಂದ ಓಡೋಕೆ ಸುಲಭ ಅಂತ. ನಾಲ್ಕೂ ಕಡೆಯಿಂದ ಕಾಣ್ತದೆ ಅಂತ ಹೊಳೀಲೇ ಇಲ್ಲ.

ಇನ್ನೊಂದು ಕೇಳ್ಬೇಕಿತ್ತು. ತಮ್ಮ ಹೇಳ್ತಾನೆ, ಬೋರ್ಡಲ್ಲಿ ಆಡಿದ್ರೆ ಭಾವ ಗುಂಡು ಹೊಡೆದಾಗ ತಮ್ಮಂಗೇ ತಾಗ್ತದಂತೆ, ಕಾಲೇಜಿನ ಗೆಳೆಯರು ಹೇಳಿದ್ರಂತೆ. ಹೌದಾ? ಭಾವಂಗೆ ಇದು ಕೇಳಿ ಬೇಜಾರಾಗಿದೆ.

ದುರ್ಗಿಗುಡಿ_ದಾಳ
ಮೊದಲ ಆವೃತ್ತೀಲಿ ಹೌದು, ಮತ್ತೆ ನಮ್ಮ ಗುಂಪು ಎರಡು ಹೋಳಾಗಿದ್ದೂ ಅದಕ್ಕೇ. ಗೆಳೆಯ ನಿಂತಿರೋ ಜಾಗಕ್ಕೆ ಗುಂಡು ಹಾರಿಸಿದ್ರೆ ತಾಗಿದ ಏಟು ಮೊದಲು ಗೆಳೆಯಂಗೆ, ಆಮೇಲೆ ನಿಧಾನಕ್ಕೆ ನಡಿಯೋ ವಾಕರ್‌ಗೆ, ಆಮೇಲೆ ದಪ್ಪಂದಕ್ಕೆ, ಎಲ್ಲ ಮುಗಿದ ಮೇಲೆ ರನ್ನರ್‌ಗೆ. ರನ್ನರ್ ಅಂದ್ರೆ ಬೇರೆಯವು ಒಂದು ಸಲ ಹೆಜ್ಜೆ ಇಟ್ರೆ ಅದು ಎರಡು ಸಲ ಇಡುತ್ತೆ. ಯಾವುದನ್ನ ಮೊದಲು ಹೊಡೀಬೇಕೋ ಅದಕ್ಕೇ ಕೊನೆ ಗುಂಡು. ಚೆನ್ನಾಗಿ ಗುರಿ ಇಟ್ಟಷ್ಟೂ ಗೆಳೆಯ ಸಾಯ್ತಾನೆ ಅನ್ನೋದು ನನಗೂ ಅರ್ಥ ಆಗದ ತರ್ಕ. ಎರಡನೇ ಆವೃತ್ತೀಲಿ ಇದನ್ನ ತಿದ್ದಿದಾರೆ, ಗುರಿ ತಪ್ಪಿದ ಗುಂಡು ಮಾತ್ರ ಗೆಳೆಯಂಗೆ ತಾಗೋದು.

ಏನೇ ಆಗ್ಲಿ, ತಮ್ಮ ನಿಂತಲ್ಲಿ ಭಾವ ಕೊಡಲಿ ಬೀಸಲಿ, ಗುಂಡು ಬೇಡ. ಕೈ ಆಯುಧಕ್ಕೆ ಈ ತಾಪತ್ರಯ ಇಲ್ಲ.

ಕಷಾಯ_ಅಕ್ಕ
ಬೋರ್ಡ್ ತಗೊಳ್ಳೋದಾ ಅಂತ ಕೇಳಿದ್ಯಲ್ಲ ಮಾಣಿ, ನಮ್ಮನೆ ಕಥೆ ಕೇಳು. ನಮ್ದು ಕೊಪ್ಪದ ಹತ್ರ. ಹೋದ ಮಳೆಗಾಲದಲ್ಲಿ ಮಗ ಇದೇ ಆಟ ಫೋನಲ್ಲಿ ಆಡಿ ಆಡಿ ಕಣ್ಣು ಕೆಂಪು ಮಾಡ್ಕೊಂಡಿದ್ದ. ಫೋನು ಕಿತ್ತಿಟ್ಟೆ. ಅವ್ನು ಮೂರು ದಿನ ಮುಖ ಊದಿಸ್ಕೊಂಡಿದ್ದು, ಆಮೇಲೆ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಮನೆ, ಬೀದಿ ಎಲ್ಲ ಗೆರೆ ಎಳ್ದ. ಪೆಟ್ಟಿಗೇಲಿ ಎಷ್ಟೆಷ್ಟು ಗೊಂಬೆ ಇರ್ತವೆ ಅಂತ ಎಲ್ಲೋ ನೋಡಿ ಇಟ್ಕೊಂಡಿದ್ದ: ವಾಕರ್ 40, ರನ್ನರ್ 16, ದಪ್ಪಂದು 8, ಅಬಾಮಿನೇಷನ್ ಅನ್ನೋ ರಾಕ್ಷಸ ಒಂದು. ವಾಕರ್‌ಗೆ ಹುಣಸೆಬೀಜ, ರನ್ನರ್‌ಗೆ ಗುಲಗಂಜಿ, ದಪ್ಪಂದಕ್ಕೆ ಗೋಟಡಿಕೆ, ರಾಕ್ಷಸಂಗೆ ತೆಂಗಿನ ಗರಟ.

ಆ ಆಟದಲ್ಲಿ ಒಂದು ನಿಯಮ ಇದ್ಯಂತಲ್ಲ, ಇಡೋಕೆ ಗೊಂಬೆ ಸಾಲದೇ ಇದ್ರೆ ಆ ಜಾತಿ ಝಾಂಬಿಗಳೆಲ್ಲ ಇನ್ನೊಂದು ಸಲ ನಡೀತಾವೆ ಅಂತ. ಮಧ್ಯಾಹ್ನ ಊಟ ಆಗಿ ಮಕ್ಕಳು ವಾಪಸ್ ಬಂದು ಕೂತ್ರೆ ಎಂಟಿದ್ದ ಅಡಿಕೆ ಆರೇ ಇದೆ. ಇಬ್ರೂ ಹೊಡೆದಾಡ್ಕೊಂಡ್ರು, ನೀನು ಕದ್ದೆ ನೀನು ಕದ್ದೆ ಅಂತ. ನೋಡಿದ್ರೆ ನಮ್ಮತ್ತೆ ಜಗಲೀಲಿ ಕೂತು ಕತ್ತರೀಲಿ ಕಚ ಕಚ ಅಂತ ಹೋಳು ಮಾಡ್ತಿದಾರೆ. ಎರಡು ದಪ್ಪ ಝಾಂಬಿ ಎಲೆ ಸುಣ್ಣದ ಜೊತೆ ಅಜ್ಜಿ ಬಾಯಿಗೆ ಹೋಗಾಗಿದೆ. ಅಜ್ಜಿ ತಿಂದಿದ್ದು ಸತ್ತ ಲೆಕ್ಕವೋ, ಗೊಂಬೆ ಸಾಲದ ಲೆಕ್ಕವೋ ಅಂತ ಸಂಜೆವರೆಗೆ ಪಂಚಾಯ್ತಿ. ಕೊನೆಗೆ ನಮ್ಮತ್ತೇನೇ ತೀರ್ಪು ಕೊಟ್ರು, ತಿಂದೋಳು ನಾನು, ಅಂಕ ನಂಗೆ ಹಾಕಿ ಅಂತ.

ಲೆಕ್ಕದ_ಮೇಷ್ಟ್ರು
ಅಜ್ಜಿ ಮಾಡಿದ ತೀರ್ಪು ಸರಿ. ದಪ್ಪಂದನ್ನ ಬೀಳಿಸೋಕೆ ಎರಡರ ಏಟಿನ ಆಯುಧ ಬೇಕು, ಅಡಕತ್ತರಿ ಖಂಡಿತ ಆ ವರ್ಗಕ್ಕೆ ಸೇರುತ್ತೆ.

ಆದ್ರೆ ಅಕ್ಕ, ಗುಲಗಂಜಿ ಬೇಡ. ಬೀಜ ವಿಷ. ಇಡೀ ನುಂಗಿದ್ರೆ ಹಾಗೇ ಹೊರಗೆ ಹೋದ್ರೂ ಹೋಗಬಹುದು, ಅಗಿದ್ರೆ ಪ್ರಾಣಕ್ಕೇ ಬರಬಹುದು. ಚಿಕ್ಕ ಮಕ್ಕಳಿರೋ ಮನೇಲಿ ಕಾಫಿಬೀಜ ಇಡಿ, ಕೊಪ್ಪದಲ್ಲಿ ಅದಕ್ಕೇನು ಬರ.

ಕಷಾಯ_ಅಕ್ಕ
ಅಯ್ಯೋ ಹೌದಲ್ಲ. ನಾವು ಸಣ್ಣೋರಿದ್ದಾಗ ಡಬ್ಬಿ ತುಂಬ ಇಟ್ಕೊಂಡು ಆಡಿದೋರು. ಇವತ್ತೇ ತೆಗ್ದು ಎಸೀತೀನಿ.

ಹಳೇ_ಪಗಡೆ
ಹುಣಸೆಬೀಜ ಇಷ್ಟೆಲ್ಲ ಇಟ್ಕೊಂಡು ಹೆಣ ಓಡಿಸ್ತೀರಲ್ಲ, ಚನ್ನೆಮಣೆ ಯಾವ ಪಾಪ ಮಾಡಿತ್ತು? ಆಷಾಢದ ಮಳೆ ಹಿಡಿದ್ರೆ ನಮ್ಮಮ್ಮ ಅಟ್ಟದಿಂದ ಇಳಿಸೋರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56. ಚಾರ್ಜೂ ಬೇಡ ಗೋಳೂ ಬೇಡ. ಆಡು ಹುಲಿ ಆಟವಂತೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ್ರೆ ಮುಗೀತು. ಹಾಸನ, ಹಳೇಬೀಡು ಕಡೆ ದೇವಸ್ಥಾನದ ಕಲ್ಲು ಹಾಸಿನ ಮೇಲೂ ಇಂಥ ಗೆರೆ ನೋಡಿದೀನಿ.

ಬೆಂಗಳೂರಲ್ಲಿ_ಮಲ್ನಾಡು
ಪಗಡೆ ಸಾರ್, ಆಡು ಹುಲೀನೂ ಇದೇ ಆಟಾನೇ ಅಲ್ವಾ? ಒಂದು ಕಡೆ ಕೆಲವೇ ಬಲವಾದ ಕಾಯಿ, ಇನ್ನೊಂದು ಕಡೆ ಒಂದೊಂದಕ್ಕೂ ಶಕ್ತಿ ಇಲ್ಲ, ಸೇರಿದ್ರೆ ಹುಲೀನ ಕಟ್ಟಿಹಾಕತ್ತೆ. ನಾವು ಹುಲಿ, ಝಾಂಬಿ ಆಡು.

ಹಳೇ_ಪಗಡೆ
ಆಡು ಆಡೋನಿಗೆ ಬುದ್ಧಿ ಬೇಕು ತಮ್ಮಾ. ನಿಮ್ಮ ಹೆಣಕ್ಕೆ ಬುದ್ಧಿ ಇಲ್ಲ ಅಂತ ಮೇಲೆ ಅವರೇ ಬರ್ದಿದಾರೆ. ಬುದ್ಧಿ ಇಲ್ಲದ್ದರ ಎದುರು ಏಳು ಸಲ ಸೋತಿದ್ದನ್ನ ನಾನಾಗಿದ್ರೆ ಊರಿಗೆಲ್ಲ ಹೇಳ್ತಿರ್ಲಿಲ್ಲ.

ಉಂಬಳ_420
😂😂 ಮಾಣಿ ಕ್ಲೀನ್ ಬೋಲ್ಡ್.

ಸೊರಬದ_ಸೋಮಾರಿ
ಬೋರ್ಡು ತಂದು ಹಾಸೋವಷ್ಟು ಪುರುಸೊತ್ತು ಇಲ್ಲದವರಿಗೆ ಝಾಂಬಿ ಡೈಸ್ ನೋಡಿ. 2010ರದ್ದು. ಅದೂ ಫೋನಿಗೆ ಬಂದಿತ್ತು, ಶಿವಮೊಗ್ಗದಿಂದ ಬೆಂಗಳೂರು ರೈಲಲ್ಲಿ ಅರಸೀಕೆರೆ ಬರೋವರೆಗೆ ಅದನ್ನೇ ಆಡ್ತಿದ್ದೆ. ಅದ್ರಲ್ಲಿ ಝಾಂಬಿ ನಾವೇ, ಮಿದುಳು ತಿನ್ನೋದು. ಎರಡು ಬಂದೂಕು ಬಿದ್ದ ಮೇಲೂ ನಾನು ನಿಲ್ಲಲ್ಲ. ಮೂರನೇದು ಬಿದ್ರೆ ತಾನೆ ಸೋಲೋದು, ಆರರಲ್ಲಿ ಒಂದು ಚಾನ್ಸು.

ಲೆಕ್ಕದ_ಮೇಷ್ಟ್ರು
ಈಗ ಗೊತ್ತಾಯ್ತು ನಿಮಗೆ ಎಲ್ಲ ಆಟದಲ್ಲೂ ಯಾಕೆ ಮೋಸ ಆಗುತ್ತೆ ಅಂತ. ಅದ್ರಲ್ಲಿ 13 ದಾಳ: ಹಸಿರು 6, ಹಳದಿ 4, ಕೆಂಪು 3. ಹಸಿರಿನ ಆರು ಮುಖದಲ್ಲಿ ಬಂದೂಕು ಒಂದು, ಹಳದೀಲಿ ಎರಡು, ಕೆಂಪಲ್ಲಿ ಮೂರು. ಒಟ್ಟು 78 ಮುಖದಲ್ಲಿ ಬಂದೂಕು 23. ನೀವು ಎಸೆಯೋದು ಒಂದು ದಾಳ ಅಲ್ಲ, ಮೂರು. ಮೂರೂ ಹಸಿರೇ ಸಿಕ್ಕಿದ್ರೂ ಒಂದಾದ್ರೂ ಬಂದೂಕು ಬೀಳೋದು 216ರಲ್ಲಿ 91, ಅಂದ್ರೆ ನೂರಕ್ಕೆ 42. ಯಾವ ಬಣ್ಣ ಬಂದೀತು ಅಂತ ಗೊತ್ತಿಲ್ಲದೆ ಚೀಲಕ್ಕೆ ಕೈ ಹಾಕಿದ್ರೆ ಇನ್ನೂ ಮೇಲೆ. ಎರಡು ಬಂದೂಕು ಬಿದ್ದ ಮೇಲೆ ನಿಲ್ಲದವನು ಅರಸೀಕೆರೆ ಅಲ್ಲ, ಭದ್ರಾವತಿ ಬರೋದ್ರೊಳಗೆ ಸೋಲ್ಬೇಕು.

ಸೊರಬದ_ಸೋಮಾರಿ
ತರೀಕೆರೇಲಿ ಸೋಲ್ತಿದ್ದೆ. ತಮಾಷೆ ಅಲ್ಲ, ನಿಜ.

ಹಳೇ_ಪಗಡೆ
ಇನ್ನೊಂದು ಮಾತು. ಝಾಂಬಿ ಝಾಂಬಿ ಅಂತೀರಲ್ಲ, ಕನ್ನಡದಲ್ಲಿ ಬೇತಾಳ ಅನ್ನೋ ಪದ ಇಲ್ವಾ? ಹೆಣದೊಳಗೆ ಹೊಕ್ಕು ಓಡಾಡೋದು ಅದೇ.

ಬೆಂಗಳೂರಲ್ಲಿ_ಮಲ್ನಾಡು
ಬೇತಾಳ ಮರ ಬಿಟ್ಟು ಬಂದ್ರೂ ಕಥೆ ಹೇಳತ್ತೆ, ಕೊನೇಲಿ ಪ್ರಶ್ನೆ ಕೇಳತ್ತೆ ಸಾರ್. ಇದು ಬರೀ ತಿನ್ನತ್ತೆ. ಬೇರೆ ಜಾತಿ.

ನಿರ್ವಾಹಕ
ಪದದ ಚರ್ಚೆಗೆ ಬೇರೆ ವಿಭಾಗ ಇದೆ. ಮಾಣಿ, ಸಮಸ್ಯೆ ಬಗೆಹರಿದಿದ್ರೆ ಹೇಳಿ, ಶೀರ್ಷಿಕೆಗೆ ಗುರುತು ಹಾಕ್ತೀನಿ.

ಮಳೆಗಾಲದ_ಮಾಣಿ
ಮತ್ತೆ ಟ್ಯಾಂಕ್ ಹತ್ರ. ಕಾಲಿಗೆ ನಾಲ್ಕು ಉಂಬಳ ಹತ್ತಿದೆ, 420 ಅವರ ಬಳಗವೇ ಇರ್ಬೇಕು.

ನಿನ್ನೆ ರಾತ್ರಿ ಕೂತ್ವಿ. ಪುಟ್ಟೀನ ಒಳಗೆ ಸೇರಿಸಿದೆ. ಬಂದೂಕು ಸರದಿ ಮೇಲೆ ಅಂತ ಭಾವಂಗೆ ಅಕ್ಕನ ಕೈಲಿ ಹೇಳಿಸ್ದೆ. ಮೊದಲ ಸಲ ಹತ್ತಾರು ಸುತ್ತು ಉಳಿದ್ವಿ. ಆದ್ರೆ ಕೊನೇಲಿ ಬಾಗಿಲ ಎದುರು ಬೀದಿ ತುಂಬ ನಿಂತಿದಾವೆ, ಹೊರಗೆ ಕಾಲಿಡೋ ಹಂಗಿಲ್ಲ. ನಾವು ಮೂರು ಜನ ಗಂಡಸರು ಗುಂಡು ಎಷ್ಟಿದೆ, ಯಾರು ಹೊಡೀಬೇಕು ಅಂತ ಲೆಕ್ಕ ಹಾಕ್ತಾ ಕೂತಿದ್ವಿ. ಪುಟ್ಟಿ ಫೋನು ಕಸ್ಕೊಂಡು, ಅವಕ್ಕೆ ನಾವು ಯಾರೂ ಕಾಣ್ತಿಲ್ಲ ತಾನೆ, ಹಾಗಿದ್ರೆ ಈಗ ಕಿವಿ ಕೇಳ್ಬೇಕು ಅಲ್ವಾ ಅಂದ್ಲು. ಹಿಂದಿನ ಕೋಣೇಲಿದ್ದ ಭಾವನ ನೆಡ್ ಕೈಲಿ ಸುಮ್ನೆ ಗೋಡೆಗೆ ಗುಂಡು ಹೊಡೆದ ಹಂಗೆ ಗಲಾಟೆ ಎಬ್ಬಿಸ್ದಳು. ಅಷ್ಟೂ ಮನೆ ಸುತ್ತು ಹಾಕ್ಕೊಂಡು ಹಿಂದುಗಡೆ ಹೊರಟ್ವು. ಅವಳು ಚಕ್ರದ ಬೂಟಲ್ಲಿ ಮುಂದಿನ ಬಾಗಿಲಿಂದ ಜಾರಿದ್ಲು.

ಹಂತ ದಾಟ್ತು. ಭಾವ ಸತ್ರು. ಬೇಕಂತ್ಲೇ ತನ್ನ ಬಲಿ ಕೊಟ್ರು ಅಂತ ಬೆಳಗ್ಗೆ ತಿಂಡಿ ತಿನ್ನೋವಾಗ್ಲೂ ಹೇಳ್ತಿದ್ರು.

ದುರ್ಗಿಗುಡಿ_ದಾಳ
ಶಭಾಷ್ ಪುಟ್ಟಿ! ನಾನು ಎರಡು ವರ್ಷ ಆಡಿದ ಮೇಲೆ ಹೊಳೆದ ಉಪಾಯ ಅದು. ಶಿವಮೊಗ್ಗಕ್ಕೆ ಬಂದಾಗ ಕರ್ಕೊಂಡು ಬನ್ನಿ, ಪೆಟ್ಟಿಗೆ ಬಿಚ್ಚಿ ಕೂರೋಣ. ದುಡ್ಡು ಹಾಕೋ ಮುಂಚೆ ಒಂದು ಸಲ ಬೋರ್ಡಲ್ಲಿ ಆಡಿ ನೋಡಿ. ಫೋನಲ್ಲಿ ಝಾಂಬೀನ ಅದೇ ನಡೆಸುತ್ತೆ, ಯಾಕೆ ಹಂಗೆ ಹೋಯ್ತು ಅಂತ ಹೇಳಲ್ಲ. ಬೋರ್ಡಲ್ಲಿ ಒಂದೊಂದು ಗೊಂಬೇನೂ ನಿಮ್ಮ ಕೈಯಾರೆ ನಿಮ್ಮ ಪುಟ್ಟಿ ಕಡೆ ತಳ್ಳಬೇಕು. ಎರಡೇ ಸಲ ತಳ್ಳಿದ್ರೆ ನಿಯಮ ಜನ್ಮಕ್ಕೆ ಮರೆಯಲ್ಲ.

ಕಷಾಯ_ಅಕ್ಕ
ಭಾವಂಗೆ ಸಮಾಧಾನಕ್ಕೆ ಒಂದು ಹಲಸಿನ ಹಪ್ಪಳ ಸುಟ್ಟು ಕೊಡಿ.

ಸೊರಬದ_ಸೋಮಾರಿ
ಪುಟ್ಟಿ ಬಾಣಲೆ ಬೀಸಿದ್ಲಾ? ತಾಗ್ತಾ?

ಮಳೆಗಾಲದ_ಮಾಣಿ
ಒಂದೇ ಸಲ ಬೀಸಿದ್ದು. ತಾಗ್ತು. ಮೇಷ್ಟ್ರಿಗೆ ಹೇಳ್ಬೇಡಿ.

ಅದಿರ್ಲಿ, ಮಳೆ ಒಂಚೂರು ಬಿಟ್ಟಂಗಿದೆ, ಇನ್ನು ಫೋನು ಕೆಳಗಿಡ್ಬೇಕು. ನಮ್ಮ ಕಡೆ ಅಡಿಕೆ ತೋಟದಲ್ಲಿ ಕೊಳೆ ರೋಗ ಶುರುವಾಗಿದೆ. ಎರಡನೇ ಸಲ ಬೋರ್ಡೋ ದ್ರಾವಣ ಹೊಡೆದವರು ಯಾರಾದ್ರೂ ಇದೀರಾ? ಈ ಬಿಡುವಲ್ಲೇ ಹೊಡೀಬಹುದಾ, ಇನ್ನೆರಡು ದಿನ ಕಾಯೋದಾ?

ಹಳೇ_ಪಗಡೆ
ಗೊನೆ ಒಣಗಿದ್ರೆ ಇವತ್ತೇ ಹೊಡಿ. ಕಾದ್ರೆ ಮಳೆ ಮತ್ತೆ ಹಿಡ್ಕೊಳ್ತದೆ.